ಹಳದಿ ದಾರದ ಬಾಟಲಿ

ಸೆಪ್ಟೆಂಬರ್ 9

ಅತ್ತೆ,

ನಗಬೇಡಿ. ಪೆನ್ನು ಹಿಡಿದು ನಾನು ಬರೀತಿರೋ ಮೊದಲನೇ ಕಾಗದ ಇದು. ಮೊಬೈಲಲ್ಲಿ ಸಾಲುಸಾಲಾಗಿ ಮೆಸೇಜ್ ಹಾಕಿದೆ, ನೀವು ಎಲ್ಲದಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ರಿ: "ಕೇಳೋದಿದ್ರೆ ಕೂತು ಬರಿ." ಸರಿ, ಕೂತಿದೀನಿ. ನೆಲಮಾಳಿಗೆಯ ಮೆಟ್ಟಿಲ ಮೇಲೆ, ನೀವು ಗ್ಲಾಸ್ ಹಿಡ್ಕೊಂಡು ಕೂರ್ತಿದ್ದ ಜಾಗದಲ್ಲೇ. ಇಲ್ಲಿ ಅಳಿಸೋ ಬಟನ್ ಇಲ್ಲ, ಅದೇ ಒಂಥರಾ ಭಯ.

ಸುದ್ದಿ ಏನಂದ್ರೆ, ದೊಡ್ಡಪ್ಪ ನನ್ನನ್ನ ಕೆಲಸಕ್ಕೆ ಸೇರಿಸ್ಕೊಂಡ್ರು! ಸದ್ಯಕ್ಕೆ ಕೆಲಸ ಅಂದ್ರೆ ಟ್ಯಾಂಕ್ ತೊಳೆಯೋದು, ಪೈಪ್ ತೊಳೆಯೋದು, ತೊಳೆದ ಬಕೆಟ್ಟನ್ನೇ ಇನ್ನೊಂದ್ಸಲ ತೊಳೆಯೋದು. "ವೈನ್ ಮಾಡೋದು ಅಂದ್ರೆ ಮುಕ್ಕಾಲು ಪಾಲು ಪಾತ್ರೆ ತೊಳೆಯೋದೇ" ಅಂತಾರೆ ದೊಡ್ಡಪ್ಪ. ಅಪ್ಪ ಕೇಳಿ ನಕ್ಕಿದ್ದೇ ನಕ್ಕಿದ್ದು, "ಮನೇಲಿ ಒಂದು ಲೋಟ ತೊಳೆದವಳಲ್ಲ" ಅಂತ.

ನಿಮಗೆ ನೆನಪಿದೆಯೋ ಇಲ್ವೋ, ನಾನು ಸ್ಕೂಲ್ ಬಿಟ್ಟು ನೇರ ಇಲ್ಲಿಗೆ ಓಡಿ ಬರ್ತಿದ್ದೆ. ನೀವು ಗ್ಲಾಸ್ ಒಳಗೆ ಮೂಗಿಟ್ಟು ಕಣ್ಣು ಮುಚ್ಚಿ, "ಇದು ಮೇಲಿನ ಸಾಲಿನ ಹಣ್ಣು, ಬಿಸಿಲು ತಿಂದಿದೆ. ಇದು ಗೋಡೆ ನೆರಳಿಂದು" ಅನ್ನೋರು. ನಾನು ಬಾಯಿ ಬಿಟ್ಕೊಂಡು ನೋಡೋಳು. ಆಗಿಂದ ನಾನು ನಿಮ್ಮ ಮೂಗಿನ ಅಭಿಮಾನಿ. ಸಂಘ ಕಟ್ಟೋದಾದ್ರೆ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ ಎಲ್ಲಾ ನಾನೇ.

ಈಗ ವಿಷಯಕ್ಕೆ ಬರ್ತೀನಿ. ನೀವು ಹೋದಾಗಿಂದ ಇಲ್ಲಿ ಎಲ್ಲಾ ಪ್ಯಾಕೆಟ್ ಯೀಸ್ಟೇ. ಬಿಸಿನೀರಿಗೆ ಹಾಕು, ಕಲಸು, ಟ್ಯಾಂಕಿಗೆ ಸುರಿ, ಸಂಜೆ ಹೊತ್ತಿಗೆ ನೊರೆ. ವೈನ್ ಕೆಟ್ಟದ್ದೇನಲ್ಲ. ಬಣ್ಣ ಸಖತ್ತಾಗಿ ಬರುತ್ತೆ. ಆದ್ರೆ ಮೂಸಿದ್ರೆ ಯಾರ ಮನೆಯದೋ ಅನ್ನಿಸುತ್ತೆ, ನಮ್ಮದು ಅನ್ಸಲ್ಲ. ನೀವು ಪ್ಯಾಕೆಟ್ ಇಲ್ಲದೆ, ಈ ನೆಲಮಾಳಿಗೆ ಗೋಡೆಯಲ್ಲಿ, ಪೀಪಾಯಿಯಲ್ಲಿ, ಹಣ್ಣಿನ ಸಿಪ್ಪೆ ಮೇಲೆ ಇರೋ ಯೀಸ್ಟಿಂದಲೇ ಹೆಪ್ಪು ಮಾಡ್ತಿದ್ರಲ್ಲ, ಅದನ್ನ ನಾನು ಮಾಡಬೇಕು. ಕೇಳೇಬಿಟ್ಟೆ. ದೊಡ್ಡಪ್ಪ ಕೈಯಲ್ಲಿದ್ದ ಪೈಪ್ ಕೆಳಗಿಟ್ರು. ಆಮೇಲೆ, "ಪ್ಯಾಕೆಟ್ ಬಂತು, ಅವಳು ಹೋದ್ಳು. ಈಗ ನೀನು ಶುರು ಮಾಡಿದ್ಯಾ?" ಅಂದ್ರು. ಕೊನೆಗೆ ಮೂಲೆಯ ಸಣ್ಣ ಟ್ಯಾಂಕ್ ಕೊಟ್ಟಿದಾರೆ. ಪಕ್ಕದ್ದು ಅವರದ್ದು. ಒಂದೇ ತೋಟದ ಹಣ್ಣು, ಒಂದೇ ದಿನದ ಕೊಯ್ಲು, ಯೀಸ್ಟ್ ಮಾತ್ರ ಬೇರೆ.

ಹೆಪ್ಪು ಹೇಗೆ ಮಾಡೋದು ಅತ್ತೆ? ಎ ಟು ಝಡ್ ಬರೀರಿ, ಪ್ಲೀಸ್.

ನಿಮ್ಮ ಸಂಘದ ಅಧ್ಯಕ್ಷೆ


ಸೆಪ್ಟೆಂಬರ್ 16

ವಟವಟಿಗೆ,

ಕಾಗದ ತಲುಪಿತು. ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ಪೂರ್ತಿ ಓದಿದೆ.

ಕೊಯ್ಲಿಗೆ ಒಂದು ವಾರ ಮೊದಲು ಚೊಕ್ಕವಾದ ಗೊಂಚಲುಗಳನ್ನು ಆರಿಸು. ಒಡೆದ ಹಣ್ಣು ಒಂದೂ ಬೇಡ. ಅದರಲ್ಲಿ ಹುಳಿ ಮೊದಲೇ ಮನೆ ಮಾಡಿಕೊಂಡಿರುತ್ತದೆ. ತೊಳೆಯಬೇಡ, ತೊಳೆದರೆ ನಿನಗೆ ಬೇಕಾದದ್ದೇ ಹೋಗುತ್ತದೆ. ಕೈಯಲ್ಲಿ ಹಿಸುಕಿ ಬಾಯಗಲದ ಪಾತ್ರೆಗಳಲ್ಲಿ ಹಾಕಿ, ಬಟ್ಟೆ ಕಟ್ಟಿ, ಮೆಟ್ಟಿಲ ಕೆಳಗಿನ ಬೆಚ್ಚನೆಯ ಮೂಲೆಯಲ್ಲಿಡು. ಒಂದೇ ಪಾತ್ರೆಯನ್ನು ನಂಬಬೇಡ, ಮೂರು ಇಡು. ಮೊದಲು ಏನೂ ಆಗುವುದಿಲ್ಲ. ಏನೂ ಆಗದೇ ಇರುವುದನ್ನು ನೋಡುತ್ತಾ ಕೂರುವುದೇ ಈ ಕೆಲಸದಲ್ಲಿ ಕಷ್ಟ. ಆಮೇಲೆ ಸಿಪ್ಪೆ ಮೇಲೇಳುತ್ತದೆ, ಗುಳ್ಳೆ ಬರುತ್ತದೆ. ಆಗ ಸ್ವಲ್ಪ ಹೊಸ ರಸ ಹಾಕಿ ತಿನ್ನಿಸು. ಮೂರರಲ್ಲಿ ಯಾವುದು ಒಳ್ಳೆಯದೆಂದು ನೀನೇ ಮೂಸಿ ಆರಿಸಿಕೋ. ಅದನ್ನು ಬರೆದು ಹೇಳಿಕೊಡಲು ಆಗುವುದಿಲ್ಲ.

ಒಂದು ಎಚ್ಚರ. ಯೀಸ್ಟು ಸಕ್ಕರೆಯನ್ನಷ್ಟೇ ತಿನ್ನುವುದಿಲ್ಲ. ಸಿಪ್ಪೆಯಿಂದ ಇಳಿದ ಬಣ್ಣವನ್ನೂ ಮೈಗೆ ಹಚ್ಚಿಕೊಂಡು ಅಡಿಗೆ ಹೋಗಿ ಕೂರುತ್ತದೆ. ಕೆಲವು ಜಾತಿ ಹೆಚ್ಚು ಹಚ್ಚಿಕೊಳ್ಳುತ್ತವೆ, ಕೆಲವು ಕಡಿಮೆ. ನಿಮ್ಮ ದೊಡ್ಡಪ್ಪ ತರುವ ಪ್ಯಾಕೆಟ್ಟಿನದನ್ನು ಬಣ್ಣ ಬಿಟ್ಟುಕೊಡಲೆಂದೇ ಆರಿಸಿರುತ್ತಾರೆ. ನಮ್ಮ ನೆಲಮಾಳಿಗೆಯದು ಆಸೆಬುರುಕ. ನಿನ್ನ ವೈನ್ ತೆಳ್ಳಗೆ ಕಾಣುತ್ತದೆ. ಕಂಡಾಗ ಅಳಬೇಡ.

ನನ್ನ ಕೆಲಸ ಕೇಳಿಲ್ಲ, ಆದರೂ ಹೇಳುತ್ತೇನೆ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸಿ ನೋಡುವ ಕೆಲಸ. ಹೋದ ತಿಂಗಳ ನೀಲಿಗೂ ಈ ತಿಂಗಳ ನೀಲಿಗೂ ಕೂದಲೆಳೆ ವ್ಯತ್ಯಾಸ ಇದ್ದರೂ ಹಿಡಿಯಬೇಕು. ಬಾಯ್ಲರ್ ಪಕ್ಕ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನನಗೆ ಬೇಕಾಗಿಲ್ಲ, ಹಾಗಾಗಿ ಮೇಸ್ತ್ರಿಗೆ ನಾನೆಂದರೆ ಬಹಳ ಮೆಚ್ಚುಗೆ. ಕೆಳಗೆ ಟೈಲರ್ ಅಂಗಡಿ, ಮೇಲೆ ನನ್ನ ಕೋಣೆ. ಮೊನ್ನೆ ಓದುತ್ತಾ ಕೂತಿದ್ದಾಗ ಟೈಲರ್ ಬಾಗಿಲು ಬಡಿದ. ಹಾಲು ಸೀದು ಕರಕಲಾಗಿತ್ತಂತೆ. ಒಲೆ ನನ್ನಿಂದ ಒಂದು ಮಾರು ದೂರ. ಪುಸ್ತಕ ಅಷ್ಟು ಚೆನ್ನಾಗಿತ್ತು.

ಅತ್ತೆ


ಅಕ್ಟೋಬರ್ 4

ಅತ್ತೆ!!

ಆಯ್ತು! ಎದ್ದಿದೆ! ಓಡ್ತಿದೆ!

ಮೊದಲಿಂದ ಹೇಳ್ತೀನಿ. ಮೊದಲನೇ ಪಾತ್ರೆ ನೇಲ್ ಪಾಲಿಶ್ ವಾಸನೆ ಹೊಡೀತು, ಚೆಲ್ಲಿದೆ. ಎರಡನೇದು ಒಣಗದ ಟವೆಲ್ ತರ, ಅದನ್ನೂ ಚೆಲ್ಲಿದೆ. ಮೂರನೇದು ಅತ್ತೆ, ಸೇಬಿನ ಸಿಪ್ಪೆ, ಹೊಸ ಪುಸ್ತಕ, ಆಮೇಲೆ ಏನೋ ಒಂದು, ಹೆಸರು ನಾಲಿಗೆ ತುದೀಲಿದೆ, ಸಿಗ್ತಿಲ್ಲ. ಅದನ್ನೇ ಟ್ಯಾಂಕಿಗೆ ಹಾಕಿದೆ.

ಹಾಕಿ ಕಾದೆ. ಪಕ್ಕದಲ್ಲಿ ದೊಡ್ಡಪ್ಪನ ಟ್ಯಾಂಕ್ ಆವತ್ತೇ ಸಂಜೆ ಬುಸುಬುಸು ಅಂತ ಶುರು. ನಂದು ತಣ್ಣಗೆ ಕೂತಿದೆ. ದೊಡ್ಡಪ್ಪ ದಿನಾ ಬಂದು ಟ್ಯಾಂಕಿಗೆ ಕಿವಿ ಇಟ್ಟು, "ಏನಮ್ಮಾ, ನಿನ್ನ ಟ್ಯಾಂಕು ಮುನಿಸ್ಕೊಂಡಿದೆಯಾ? ನಿಮ್ಮತ್ತೆ ತರ?" ಅನ್ನೋದು. ನಾನು ಹಲ್ಲು ಕಚ್ಕೊಂಡು ಇನ್ನೊಂದು ಬಕೆಟ್ ತೊಳೀತಿದ್ದೆ. ಒಂದು ಬೆಳಗ್ಗೆ ಬಂದು ನೋಡಿದ್ರೆ ಸಿಪ್ಪೆ ಟೋಪಿ ತರ ಮೇಲೆದ್ದು ನಿಂತಿದೆ. ಕುಣಿದೆ. ಒದ್ದೆ ನೆಲ, ಜಾರಿ ಬಿದ್ದೆ. ಪರವಾಗಿಲ್ಲ.

ಇನ್ನೊಂದು ಮಜಾ. ಆ ವಾರ ದೊಡ್ಡಪ್ಪನ ಟ್ಯಾಂಕಿಂದ ಕೊಳೆತ ಮೊಟ್ಟೆ ವಾಸನೆ! ನಾನು ಓದಿದ್ದೆ: ಯೀಸ್ಟಿಗೆ ಹೊಟ್ಟೆಗೆ ಸಾಲದೇ ಹೋದ್ರೆ ಹಾಗೆ ನಾರುತ್ತೆ, ಕೆಲವು ಜಾತಿಗೆ ಹಸಿವು ಜಾಸ್ತಿ. "ನಿಮ್ಮ ಪ್ಯಾಕೆಟ್ ಮಕ್ಕಳು ಉಪವಾಸ ದೊಡ್ಡಪ್ಪ, ಊಟ ಹಾಕಿ" ಅಂದೆ. ಗುರಾಯಿಸಿದ್ರು. ಆದ್ರೆ ಮಧ್ಯಾಹ್ನ ಹೋಗಿ ಯೀಸ್ಟಿನ ಆಹಾರ ಹಾಕಿ, ಗಾಳಿ ಆಡಿಸಿ ಬಂದ್ರು. ವಾಸನೆ ಹೋಯ್ತು.

ಈಗ ಮುಖ್ಯ ಪ್ರಶ್ನೆ. ನನ್ನದರಲ್ಲಿ ಬೆಳಗ್ಗೆ ಗುಲಾಬಿ ತರ ಬರುತ್ತೆ, ಸಂಜೆ ಮೆಣಸಿನ ಖಾರ. ಅದು ಹಣ್ಣಿಂದಾ, ಯೀಸ್ಟಿಂದಾ? ನಿಮ್ಮದರಲ್ಲೂ ಹಾಗೇ ಬರ್ತಿತ್ತಾ? ಆ ಹೆಸರು ಸಿಗದೇ ಇರೋ ವಾಸನೆ ಯಾವುದು? ನಿಮಗೆ ಖಂಡಿತ ಗೊತ್ತಿರುತ್ತೆ.

ಅಧ್ಯಕ್ಷೆ


ಅಕ್ಟೋಬರ್ 15

ವಟವಟಿಗೆ,

ಮೇಲೆದ್ದ ಸಿಪ್ಪೆಯನ್ನು ದಿನಕ್ಕೆರಡು ಸಲ ಒಳಕ್ಕೆ ಒತ್ತು, ಒಣಗಲು ಬಿಡಬೇಡ. ಟ್ಯಾಂಕಿನ ಮೈ ಮುಟ್ಟಿ ನೋಡು, ಬಿಸಿ ಏರಿದರೆ ತಣ್ಣೀರು ಹರಿಸು. ಬಿಳಿ ತಟ್ಟೆಯಲ್ಲಿ ಒಂದು ಚಮಚ ಹಾಕಿ ಅಂಚಿನ ಬಣ್ಣವನ್ನು ದಿನಾ ನೋಡು. ಅಂಚು ನೇರಳೆ ಇರುವ ತನಕ ಸಿಪ್ಪೆ ಇನ್ನೂ ಕೊಡುತ್ತಿದೆ ಎಂದು ಅರ್ಥ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಗಾಳಿ ಹೆಚ್ಚಾಗಿದೆ.

ಬಾಟಲಿ ಕಳಿಸುವುದಿದ್ದರೆ ಗುರುತಿಗೆ ದಾರ ಇಟ್ಟಿದ್ದೇನೆ. ಒಂದು ಹಸಿರು, ಒಂದು ಹಳದಿ. ಎರಡೂ ನಾನೇ ಪಾಸು ಮಾಡಿದ ಬಣ್ಣ. ಯಾವುದು ಯಾರದೆಂದು ಹೇಳದೆ ಕಳಿಸು.

ಅತ್ತೆ


ನವೆಂಬರ್ 6
(ಈ ಹಾಳೆ ಅಂಚೆಗೆ ಹಾಕಲಿಲ್ಲ)

ಅತ್ತೆ, ಇದನ್ನ ಹೇಳಲೋ ಬೇಡವೋ ಗೊತ್ತಾಗ್ತಿಲ್ಲ.

ನಿನ್ನೆ ದೊಡ್ಡಪ್ಪ ಎರಡೂ ಟ್ಯಾಂಕಿಂದ ಗ್ಲಾಸಿಗೆ ಹಿಡಿದು ಕಿಟಕಿ ಹತ್ರ ಇಟ್ರು. ಅವರದ್ದು ಶಾಯಿ. ನಂದು ಅದರ ಮುಂದೆ ನೀರು ಬೆರೆಸಿದ ಹಾಗೆ. "ಇದನ್ನ ನಮ್ಮ ಹೆಸರಿನ ಚೀಟಿ ಅಂಟಿಸಿ ಹೊರಗೆ ಕಳಿಸೋಕೆ ಆಗಲ್ಲ" ಅಂದ್ರು. "ಮೂಸಿ ನೋಡಿ" ಅಂದೆ. ಮೂಸಿದ್ರು. ಇನ್ನೊಂದ್ಸಲ ಮೂಸಿ ಗ್ಲಾಸ್ ಕೆಳಗಿಟ್ರು. ಅಪ್ಪ ಮಧ್ಯ ಬಾಯಿ ಹಾಕಿದ್ರು, "ಜಗಳ ಬೇಡ, ಅವಳನ್ನೇ ಕೇಳಿ" ಅಂತ. ಅವಳು ಅಂದ್ರೆ ನೀವು.

ದೊಡ್ಡಪ್ಪ ಮೇಜು ಬಡಿದು, "ಆಗಲಿ. ಅವಳು ಆರಿಸಿದ್ದು ಬಾಟಲಿಗೆ, ಇನ್ನೊಂದು ವಿನೆಗರಿನವನಿಗೆ. ಅವನ ಲಾರಿ ಡಿಸೆಂಬರ್ ಹದಿನೈದಕ್ಕೆ ಬರುತ್ತೆ. ಅವಳ ಮೂಗಿನ ಮೇಲೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ" ಅಂದ್ರು. ಕೊನೇ ಮಾತು ಹೇಳೋವಾಗ ಬೇರೆ ಕಡೆ ನೋಡ್ತಿದ್ರು.

ನಾನು ಸೋತ್ರೆ ಮುಂದಿನ ವರ್ಷ ಟ್ಯಾಂಕ್ ಇಲ್ಲ. ಹೆಪ್ಪೂ ಇಲ್ಲ.

ಇದೆಲ್ಲಾ ನಿಮಗೆ ಹೇಳಿದ್ರೆ ನೀವು ನನ್ನ ಮುಖ ನೋಡಿ ಹೇಳ್ತೀರಿ. ನನಗೆ ಅದು ಬೇಡ. ನೀವು ನೀವಾಗೇ ಹೇಳಬೇಕು. ಹಾಕಲ್ಲ ಇದನ್ನ.


ನವೆಂಬರ್ 6

ಅತ್ತೆ,

ಎರಡು ಬಾಟಲಿ ಕಳಿಸಿದೀನಿ. ಹಸಿರು ದಾರ, ಹಳದಿ ದಾರ. ನೀವು ಇಲ್ಲಿದ್ದಾಗ ಮಾಡಿದ ನಿಯಮದ ಪ್ರಕಾರ ಒಂದೊಂದಕ್ಕೂ ಜೋಡಿ ತುಂಬಿ, ಜೋಡಿ ಬಾಟಲಿಯನ್ನ ಇಲ್ಲಿ ಕಪಾಟಲ್ಲಿ ಇಟ್ಟಿದೀನಿ. ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದ, ಹಾಗಾಗಿ ಕೆಳಗಿನ ನಲ್ಲಿಯಿಂದಲೇ ಹಿಡಿದೆ. ಸ್ವಲ್ಪ ಮಡ್ಡಿ ಬಂದಿರಬಹುದು, ಬೈಬೇಡಿ.

ಯಾವುದು ಚೆನ್ನಾಗಿದೆ ಅಂತ ಹೇಳಿ ಸಾಕು. ಸುಮ್ನೆ ಕುತೂಹಲ.

ಅಧ್ಯಕ್ಷೆ


ನವೆಂಬರ್ 19

ವಟವಟಿಗೆ,

ಬಾಟಲಿಗಳು ಒಡೆಯದೆ ಬಂದವು. ಕಾರ್ಖಾನೆಯಿಂದ ರಜೆ ಹಾಕಿ ಬೆಳಕಿರುವಾಗಲೇ ನೋಡಿದೆ.

ಹಳದಿ ದಾರದ್ದು. ಬಣ್ಣ ಆಳವಾಗಿದೆ, ನಡುವೆ ಕಪ್ಪು, ಅಂಚು ನೇರಳೆ, ಗ್ಲಾಸು ಓರೆ ಮಾಡಿದರೂ ಎಲ್ಲೂ ತೆಳುವಾಗುವುದಿಲ್ಲ. ನಾಲಿಗೆಯ ಮೇಲೆ ಭಾರ ಸರಿಯಾಗಿದೆ, ಒಗರು ಹಿತವಾಗಿ ಹಿಡಿಯುತ್ತದೆ. ಪರಿಮಳ ಶುದ್ಧ.

ಹಸಿರು ದಾರದ್ದು ನುಣುಪು, ಹುಳಿ ಒಳ್ಳೆಯದು, ಆದರೆ ಬಣ್ಣ ತೆಳು. ಒಂದೆರಡು ವರ್ಷದಲ್ಲಿ ಇಟ್ಟಿಗೆಗೆ ತಿರುಗುತ್ತದೆ. ಪರಿಮಳ ಇದೂ ಶುದ್ಧ.

ಆರಿಸು ಎಂದರೆ ಹಳದಿ.

ಬಾಟಲಿ ಬಂದದ್ದು ಸಂತೋಷವಾಯಿತು.

ಅತ್ತೆ


ನವೆಂಬರ್ 25

ಅತ್ತೆ,

ಕಾಗದ ಬಂತು. ದೊಡ್ಡಪ್ಪನಿಗೆ ಓದಿ ಹೇಳಿದೆ. ಹಳದಿ ಅವರದ್ದು.

ಗೆದ್ದವರು ಖುಷಿಯಾಗಬೇಕಲ್ವಾ? ಅವರು "ಇನ್ನೊಂದ್ಸಲ ಓದು" ಅಂದ್ರು. ಓದಿದೆ. ಟೋಪಿ ಹಾಕ್ಕೊಂಡು ತೋಟಕ್ಕೆ ಹೋದ್ರು.

ಬಣ್ಣ ನೋಡಿದ ತಕ್ಷಣ ಯಾವುದು ಪ್ಯಾಕೆಟ್ಟಿಂದು ಅಂತ ನಿಮಗೆ ಗೊತ್ತಾಗಿರುತ್ತೆ. ನೀವೇ ಮೊದಲು ಬರೆದಿದ್ರಿ, ನಮ್ಮದು ತೆಳ್ಳಗೆ ಬರುತ್ತೆ ಅಂತ. ಅಣ್ಣನ ಜೊತೆ ರಾಜಿ ಮಾಡ್ಕೋಬೇಕು ಅನ್ಸಿದ್ರೆ ನೇರ ಅವರಿಗೇ ಫೋನ್ ಮಾಡಬಹುದಿತ್ತು. ನನ್ನ ಬಾಟಲಿ ಮೇಲೆ ಕಾಲಿಟ್ಟು ದಾಟೋ ಅಗತ್ಯ ಇರಲಿಲ್ಲ.

ಪರಿಮಳ ಶುದ್ಧ, ಇದೂ ಶುದ್ಧ. ನಾನು ಇಷ್ಟು ವರ್ಷ ಕಾದಿದ್ದು ಈ ಎರಡು ಪದಕ್ಕಾ?

ಟ್ಯಾಂಕ್ ತೊಳೆಯುವವಳು


ಡಿಸೆಂಬರ್ 1

ವಟವಟಿಗೆ,

ನೀನು ಬಾಟಲಿಯ ಬಗ್ಗೆ ಕೇಳಿದ್ದೆ, ನಾನು ಬಾಟಲಿಯ ಬಗ್ಗೆ ಹೇಳಿದೆ. ರಾಜಿ ಮಾಡಿಕೊಳ್ಳುವಷ್ಟು ಜಗಳ ನಿಮ್ಮ ದೊಡ್ಡಪ್ಪನಿಗೂ ನನಗೂ ಎಂದೂ ಆಗಿಲ್ಲ. ನೀನು ಯಾಕೆ ಇಷ್ಟು ಬಿಸಿಯಾಗಿದ್ದೀಯೋ ನನಗೆ ಅರ್ಥವಾಗಿಲ್ಲ. ಕುತೂಹಲಕ್ಕೆ ಕೇಳಿದವರು ಹೀಗೆ ಬರೆಯುವುದಿಲ್ಲ.

ನಿನ್ನ ಸಮಾಧಾನಕ್ಕೆ ಉಳಿದದ್ದನ್ನು ಭಾನುವಾರ ಮತ್ತೆ ತೆಗೆದು, ಹಳದಿಯದನ್ನು ಮೇಜಿನ ಮೇಲೆ ಬಿರಡೆ ತೆಗೆದಿಟ್ಟು, ಬೆಳಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ನೋಡಿದೆ. ಮೊದಲು ಹೇಳಿದ್ದೇ.

ಈ ಕಡೆ ಬೇರೆ ವಿಶೇಷವಿಲ್ಲ. ಟೈಲರ್ ಅಳತೆ ಟೇಪು ಹುಡುಕಿಕೊಂಡು ಮೇಲೆ ಬಂದವನು ಬಾಗಿಲಲ್ಲೇ ನಿಂತು, "ಏನಮ್ಮಾ, ಒಳಗೆ ಇಲಿ ಸತ್ತಿದೆಯಾ?" ಅಂದ. ಮಂಚ ಸರಿಸಿ ಇಡೀ ಕೋಣೆ ಗುಡಿಸಿದೆ. ಇಲಿ ಸಿಗಲಿಲ್ಲ.

ಅತ್ತೆ


ಡಿಸೆಂಬರ್ 5

ಅತ್ತೆ,

ಆ ಇಲಿ ಸಿಗಲ್ಲ.

ನಿಮ್ಮ ಕಾಗದ ಬರೋ ಹಿಂದಿನ ದಿನ ಕಪಾಟಿಂದ ಹಳದಿ ದಾರದ ಜೋಡಿ ಬಾಟಲಿ ತೆಗೆದೆ. ಅದು ಯಾಕೆ ಗೆದ್ದಿತು ಅಂತ ತಿಳ್ಕೋಬೇಕಿತ್ತು, ಹೊಟ್ಟೆಕಿಚ್ಚಿಗೆ ಅಂತಲೇ ಇಟ್ಕೊಳ್ಳಿ. ಬಿರಡೆ ತೆಗೆದೆ. ಕೊಳೆತ ಮೊಟ್ಟೆ. ಸ್ವಲ್ಪ ಅಲ್ಲ. ಬಾಟಲಿನ ಅಂಗಳಕ್ಕೆ ತಗೊಂಡು ಓಡಿದೆ, ಗೇಟಿನ ಹತ್ರ ಇದ್ದ ಅಪ್ಪ ಬೈದ್ರು.

ಕಾರಣ ನಾನೇ. ಕೆಳಗಿನ ನಲ್ಲಿಯಿಂದ ಹಿಡಿದಾಗ ಯೀಸ್ಟಿನ ಮಡ್ಡಿ ಬಂತು, ಮೊದಲೇ ಹಸಿವಿನ ಜಾತಿ, ಮುಚ್ಚಿದ ಬಾಟಲಿ ಒಳಗೆ ಕೂತು ನಾರಿತು. ಟ್ಯಾಂಕಲ್ಲಿರೋ ವೈನ್ ಚೆನ್ನಾಗಿದೆ, ಅದನ್ನ ಮಡ್ಡಿ ಬಿಡಿಸಿ ಬೇರೆ ಮಾಡಿದಾರೆ. ಆದ್ರೆ ನಿಮಗೆ ಬಂದಿದ್ದು ಇದರ ಜೋಡಿ. ಒಂದೇ ನಲ್ಲಿ, ಒಂದೇ ಕೈ, ಒಂದೇ ನಿಮಿಷ.

ಮೊದಲು ಅಂದ್ಕೊಂಡೆ, ನಿಮ್ಮದು ಹೇಗೋ ಸರಿ ಇತ್ತೇನೋ ಅಂತ. ಮಾರನೇ ದಿನ ನಿಮ್ಮ ಕಾಗದ ಬಂತು, ಟೈಲರ್ ಬಂದ, ಇಲಿ ಬಂತು. ಆಮೇಲೆ ಮೆಟ್ಟಿಲ ಮೇಲೆ ಕೂತು ನಿಮ್ಮ ಕಾಗದಗಳನ್ನೆಲ್ಲಾ ಒಟ್ಟಿಗೆ ಓದಿದೆ. ಹಾಲು. ಬಾಯ್ಲರ್ ಪಕ್ಕ ಎಲ್ಲರೂ ಕಟ್ಕೊಳ್ಳೋ ಬಟ್ಟೆ. ನಾನು ಗುಲಾಬಿ ಬಗ್ಗೆ ಕೇಳಿದ್ದೆ, ನೀವು ಬಿಳಿ ತಟ್ಟೆ ಬಗ್ಗೆ ಬರೆದ್ರಿ.

ಒಂದೇ ಪ್ರಶ್ನೆ ಕೇಳ್ತೀನಿ. ಹಳದಿ ಬಾಟಲಿ ಬಿರಡೆ ತೆಗೆದಾಗ ಮೊದಲು ಏನು ವಾಸನೆ ಬಂತು? ಒಂದು ಪದ ಸಾಕು. ಬರೀದೇ ಇದ್ರೂ ಸರಿ.

ನವೆಂಬರಲ್ಲಿ ಬರೆದು ಹಾಕದೇ ಉಳಿಸ್ಕೊಂಡ ಹಾಳೆನೂ ಇದರ ಜೊತೆ ಇಟ್ಟಿದೀನಿ. ಲಾರಿ ವಿಷಯ ಅದರಲ್ಲಿದೆ. ಮೊದಲೇ ಹೇಳಬೇಕಿತ್ತು.

ದೊಡ್ಡಪ್ಪನಿಗೆ ನಾನು ಏನೂ ಹೇಳಿಲ್ಲ. ಹೇಳಿದ್ರೆ ನನ್ನ ಟ್ಯಾಂಕ್ ಉಳಿಯುತ್ತೆ, ಅದು ಗೊತ್ತು. ಆದ್ರೆ ಅದು ನಾನು ಹೇಳೋ ವಿಷಯ ಅಲ್ಲ. ಟ್ಯಾಂಕ್ ಹೋದ್ರೆ ಹೋಗುತ್ತೆ. ಹೆಪ್ಪು ಒಂದು ಸೀಸೆಯಷ್ಟು ತೆಗೆದು ಫ್ರಿಜ್ಜಲ್ಲಿ ಹಿಂದೆ ಬಚ್ಚಿಟ್ಟಿದೀನಿ.

ನಿಮ್ಮ ಅಣ್ಣನ ಮನೆ ಹುಡುಗಿ


ಡಿಸೆಂಬರ್ 17

ವಟವಟಿ,

ಒಂದು ಪದ ಕೇಳಿದ್ಯಲ್ಲ. ಇಲ್ಲ. ಹಳದಿಯಲ್ಲೂ ಇಲ್ಲ, ಹಸಿರಲ್ಲೂ ಇಲ್ಲ, ಹಾಲಲ್ಲೂ ಇಲ್ಲ.

ನಿನ್ನ ಕಾಗದ ಬಂದು ಮೇಜಿನ ಮೇಲೆ ಬಹಳ ದಿನ ಇತ್ತು. ಲಾರಿ ಬರೋ ದಿನ ದಾಟಿದ ಮೇಲೆ ಬರೀತಿದೀನಿ, ಅದು ಗೊತ್ತು. ಕೂತೆ, ಎದ್ದೆ, ಕೂತೆ. ನಿನಗೆ ಕೂತು ಬರಿ ಅಂತ ಹೇಳಿದವಳು ನಾನು, ನೋಡು.

ನಾನು ಅಲ್ಲಿದ್ದ ಕೊನೇ ಚಳಿಗಾಲ ಜ್ವರ ಬಂದಿತ್ತು, ನಿನಗೆ ನೆನಪಿರಬಹುದು, ನೀನೇ ಗಂಜಿ ತಂದುಕೊಟ್ಟಿದ್ದೆ. ಜ್ವರ ಹೋಯ್ತು, ಹೋಗ್ತಾ ಇದನ್ನೂ ತಗೊಂಡು ಹೋಯ್ತು. ನೆಗಡಿ ಅಂದ್ಕೊಂಡೆ. ಡಾಕ್ಟರು ಕಾದು ನೋಡಿ ಅಂದ್ರು. ಕಾದೆ. ದಿನಾ ಬೆಳಗ್ಗೆ ಗ್ಲಾಸ್ ಒಳಗೆ ಮೂಗಿಟ್ಟು ಕಣ್ಣು ಮುಚ್ಚಿ ನಿಲ್ತಿದ್ದೆ, ನೀನು ಮೆಟ್ಟಿಲ ಮೇಲಿಂದ ನೋಡ್ತಿದ್ದೆ. ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಅಷ್ಟರಲ್ಲಿ ನಿಮ್ಮ ದೊಡ್ಡಪ್ಪ ಪ್ಯಾಕೆಟ್ ತಂದ. ನೆಪ ಸಿಕ್ತು, ಪೆಟ್ಟಿಗೆ ಕಟ್ಟಿದೆ. ಪ್ಯಾಕೆಟ್ಟಿಗೆ ಮುನಿಸ್ಕೊಂಡು ಹೋದ್ಳು ಅಂತ ಅವನು ತಿಳ್ಕೊಂಡ. ತಿಳ್ಕೊಳ್ಳಲಿ ಅಂತ ಬಿಟ್ಟೆ.

ನಿನ್ನ ಬಾಟಲಿ ಬಂದಾಗ ಇದನ್ನೇ ಬರೆದು ವಾಪಸ್ ಕಳಿಸಬಹುದಿತ್ತು. ಆದ್ರೆ ಯಾರೋ ಮತ್ತೆ ಕೇಳಿದ್ರು ಕಣೆ, ಯಾವುದು ಚೆನ್ನಾಗಿದೆ ಅಂತ. ಅಷ್ಟೇ. ಪಣ ಇದೆ ಅಂತ ನೀನು ಹೇಳಿದ್ದಿದ್ರೆ ಬಾಯಿ ಬಿಡ್ತಾನೇ ಇರಲಿಲ್ಲ.

ಒಂದು ಮಾತ್ರ ಹೇಳ್ತೀನಿ, ಅದು ಸುಳ್ಳಲ್ಲ. ಬಣ್ಣ ತೆಳು ಅಂದಿದ್ದು ನಿಜ. ನಾಲಿಗೆ ಮೇಲೆ ಹಸಿರಿನದೇ ನುಣುಪು, ಅದೂ ನಿಜ. ಟ್ಯಾಂಕ್ ಉಳಿದಿದ್ರೆ ಅದನ್ನ ಹಾಗೇ ಬಾಟಲಿಗೆ ತುಂಬಬೇಡ. ದೊಡ್ಡಪ್ಪನದ್ದು ಕಾಲು ಭಾಗ ಬೆರೆಸು, ಮೊದಲು ಲೋಟದಲ್ಲಿ ಬೆರೆಸಿ ನೋಡು. ಬಣ್ಣ ಅವನದ್ದು ಕೊಡುತ್ತೆ, ಉಳಿದದ್ದು ನಿನ್ನದ್ದು.

ಅವನಿಗೂ ಇವತ್ತೇ ಒಂದು ಕಾಗದ ಹಾಕಿದೀನಿ. ಎರಡೇ ಸಾಲು.

ಅತ್ತೆ


ಜನವರಿ 3

ಅತ್ತೆ,

ಲಾರಿ ಹದಿನೈದಕ್ಕೇ ಬಂತು. ಡ್ರೈವರ್ ಪೈಪ್ ಇಳಿಸಿ, ಬೀಡಿ ಹಚ್ಚಿ, "ಯಾವ ಟ್ಯಾಂಕು ಸಾರ್?" ಅಂದ. ನಾನು ಮೂಲೆ ಕಡೆ ಕೈ ತೋರಿಸೋಕೆ ಹೊರಟೆ. ದೊಡ್ಡಪ್ಪ, "ಪಂಪ್ ಕೆಟ್ಟಿದೆ, ಮುಂದಿನ ತಿಂಗಳು ಬಾ" ಅಂದ್ರು. ಪಂಪನ್ನ ಆವತ್ತು ಬೆಳಗ್ಗೆಯಷ್ಟೇ ನಾನು ಓಡಿಸಿದ್ದೆ. ಡ್ರೈವರ್ ಗೊಣಗಿಕೊಂಡು ಹೋದ. ದೊಡ್ಡಪ್ಪ ನನ್ನ ಕಡೆ ತಿರುಗಿ, "ಏನು ನೋಡ್ತೀಯಾ, ಕೆಟ್ಟಿದೆ ಅಂದ್ನಲ್ಲ" ಅಂದ್ರು. ನವೆಂಬರಲ್ಲಿ ಕಿಟಕಿ ಹತ್ರ ಮೂಸಿದಾಗಲೇ ನಂದು ಚೆನ್ನಾಗಿದೆ ಅಂತ ಅವರಿಗೆ ಗೊತ್ತಾಗಿತ್ತು ಅತ್ತೆ. ನೀವು ಹಳದಿ ಅಂದಿದ್ದಕ್ಕೆ ತಮ್ಮ ಮೂಗಿನ ಮೇಲೇ ಅನುಮಾನ ಪಟ್ಕೊಂಡು ಓಡಾಡ್ತಿದ್ರು.

ಎರಡು ಕಾಗದವೂ ಒಂದೇ ದಿನ ಬಂದ್ವು. ಅವರು ತಮ್ಮದನ್ನ ನಿಂತ್ಕೊಂಡೇ ಓದಿದ್ರು. ಮಡಚಿ ಜೇಬಿಗೆ ಹಾಕಿ, ಪೀಪಾಯಿ ಮೇಲೆ ಕೈ ಇಟ್ರು. ಆಮೇಲೆ, "ಅವಳನ್ನ ಓಡಿಸ್ತು ಅಂತ ಇಷ್ಟು ವರ್ಷ ಪ್ಯಾಕೆಟ್ಟನ್ನ ಬೈಕೊಂಡೇ ತಂದೆನಲ್ಲೋ" ಅಂದ್ರು. ಯಾರಿಗೆ ಅಂದ್ರೋ ಗೊತ್ತಿಲ್ಲ, ಅಲ್ಲಿ ನಾನೊಬ್ಬಳೇ ಇದ್ದೆ.

ಲೋಟದಲ್ಲಿ ಬೆರೆಸಿದ್ವಿ. ಕಾಲು ಭಾಗ ಜಾಸ್ತಿ ಆಯ್ತು, ಅವರದ್ದೇ ಎದ್ದು ಕಾಣ್ತಿತ್ತು. ಕಡಿಮೆ ಮಾಡ್ತಾ ಬಂದು ಒಂದು ಕಡೆ ನಿಂತ್ವಿ. ಅದರದ್ದೊಂದು ಬಾಟಲಿ ಕಳಿಸ್ತಿದೀನಿ, ಮೇಲಿನ ನಲ್ಲಿಯಿಂದ ಹಿಡಿದಿದ್ದು. ಇದಕ್ಕೆ ದಾರ ಕಟ್ಟಿಲ್ಲ. ಬಣ್ಣ, ಭಾರ, ಒಗರು ನೀವು ಹೇಳಬೇಕು, ನೀವು ಹೇಳೋ ತನಕ ತುಂಬಲ್ಲ. ಮೂಗಿನ ಕೆಲಸ ಇಲ್ಲಿಂದ ಬರೆದು ಕಳಿಸ್ತೀವಿ. ನಂದು ಮೊದಲು: ಸೇಬಿನ ಸಿಪ್ಪೆ, ಮೆಣಸು, ಗುಲಾಬಿ ಈಗ ಕಡಿಮೆ. ಆ ಹೆಸರು ಸಿಗದಿರೋದು ಇನ್ನೂ ಇದೆ, ಇನ್ನೂ ಸಿಕ್ಕಿಲ್ಲ.

ದೊಡ್ಡಪ್ಪ ಪಕ್ಕದಲ್ಲೇ ಗ್ಲಾಸ್ ಹಿಡ್ಕೊಂಡು ಕೂತಿದಾರೆ, ನಿಮ್ಮ ಮೆಟ್ಟಿಲ ಮೇಲೆ, ಮೊಣಕಾಲು ನೋವು ಅಂತ ಗೊಣಗ್ತಾ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ.

"ಚೆನ್ನಾಗಿದೆ ಅಂತ ಬರಿ."

ಅದು ವಾಸನೆ ಅಲ್ಲ ದೊಡ್ಡಪ್ಪ.

"ವೈನ್ ವಾಸನೆ ಅಂತ ಬರಿ."

ದೊಡ್ಡಪ್ಪ!

"ನನಗೆ ಇದೆಲ್ಲಾ ಬರಲ್ಲಮ್ಮಾ, ಅದು ಅವಳ ಕೆಲಸ. ಮೂಗು ಹೋದ್ರೆ ಬಾಯಿ ಇದೆಯಲ್ಲ, ಬಂದು ಬೈಲಿ ಅಂತ ಬರಿ. ಬೇಡ, ಅದನ್ನ ಬರೀಬೇಡ."

(ಬರೆದಾಯ್ತು. ಅಳಿಸೋ ಬಟನ್ ಇಲ್ಲ.)

ಈಗ ಮೂಸ್ತಿದಾರೆ. ಕಣ್ಣು ಮುಚ್ಚಿದಾರೆ. ನೀವು ಮುಚ್ತಿದ್ದ ಹಾಗೇ.

"ನಮ್ಮಪ್ಪನ ಕೋಟು ನೆನಪಿದೆಯಾ ಅಂತ ಕೇಳು ಅವಳನ್ನ. ಕಂದು ಬಣ್ಣದ್ದು. ಅದರ ಒಳಜೇಬಿಗೆ ಇಬ್ಬರೂ ಮುಖ ತೂರಿಸಿ ಪೆಪ್ಪರಮಿಂಟ್ ಹುಡುಕ್ತಿದ್ವಲ್ಲ, ಸಿಗದೇ ಇದ್ದ ದಿನ ಆ ಜೇಬು ಹೇಗಿರ್ತಿತ್ತೋ, ಹಾಗಿದೆ ಅಂತ ಬರಿ."